ಕೆಂಪು ಮುಳ್ಳು ಇಳಿಸಿದ ಕೈ

ಶಹಬಾಜ ಸುಳ್ಳು ಹೇಳುತ್ತಿದ್ದಾನೆ ಎಂದು ಎಲ್ಲರಿಗಿಂತ ಮೊದಲು ಬಾಯಿ ಬಿಟ್ಟವಳು ನಾನೇ. ವಿಚಾರಣೆಗೆ ಬಂದ ಮೂವರು ಸಾಹೇಬರು ನನ್ನನ್ನು ಕೇಳಿರಲೂ ಇಲ್ಲ. ಆದರೂ ಎದ್ದು ನಿಂತೆ. "ಮನಶ್ಯಾ ಸುಳ್ಳ ಹೇಳಬಹುದ್ರಿ, ಕೆಂಪು ಮುಳ್ಳ ಹೇಳೂದಿಲ್ಲ," ಅಂದೆ. ಅವರಲ್ಲೊಬ್ಬರು ತಲೆಯಾಡಿಸಿ ನನ್ನ ಮಾತನ್ನು ಹಾಗೆಯೇ ಬರೆದುಕೊಂಡರು. ಅವತ್ತು ಮನೆಗೆ ಹೋಗಿ ಗಂಡನ ಮುಂದೆ ಎರಡು ಸಲ ಹೇಳಿಕೊಂಡು ಬೀಗಿದೆ. ಮರುವಾರ ಶಹಬಾಜನನ್ನು ಸಸ್ಪೆಂಡ್ ಮಾಡಿದರು.

ನಾನು ಜಯಮಾಲಾ. ಜೇವರ್ಗಿ ತಾಲೂಕಿನ ಒಂದು ವಿದ್ಯುತ್ ಸ್ಟೇಷನ್ನಿನಲ್ಲಿ ಆಪರೇಟರ್. ನನ್ನ ಬಾಯಿಗೆ ಬೀಗವಿಲ್ಲ ಅಂತ ನಮ್ಮತ್ತೆ ಮದುವೆಯಾದ ವರ್ಷವೇ ಹೇಳಿದ್ದರು. ನಾನು ಅದನ್ನು ಹೊಗಳಿಕೆ ಅಂತಲೇ ತಿಳಿದುಕೊಂಡಿದ್ದೆ.

ಸ್ಟೇಷನ್ನಿನ ಅಂಗಳದಲ್ಲಿ ಎರಡು ದೊಡ್ಡ ಟ್ರಾನ್ಸ್‌ಫಾರ್ಮರ್ ಇದ್ದವು. ಅಕ್ಕ, ತಂಗಿ ಅನ್ನುತ್ತಿದ್ದೆವು. ಕೊಳಕೂರದ ಕಡೆಯ ಪಂಪ್‌ಸೆಟ್ಟು, ಕುಡಿಯುವ ನೀರಿನ ಜಾಕ್‌ವೆಲ್, ಇಪ್ಪತ್ತೆರಡು ಹಳ್ಳಿಯ ದೀಪ, ಎಲ್ಲಾ ಭಾರ ಇಬ್ಬರ ಮೇಲೆ. ಒಬ್ಬೊಬ್ಬಳ ಹೊಟ್ಟೆಯ ಪಕ್ಕದಲ್ಲೂ ಗೋಡೆ ಗಡಿಯಾರದಷ್ಟು ಅಗಲದ ಒಂದು ಮೀಟರ್. ಅದರಲ್ಲಿ ಎರಡು ಮುಳ್ಳು. ಕರೀ ಮುಳ್ಳು ಒಳಗಿನ ಸುರುಳಿ ಈಗ ಎಷ್ಟು ಬಿಸಿಯಾಗಿದೆ ಅಂತ ತೋರಿಸುತ್ತದೆ. ಅದು ಏರುವಾಗ ಕೆಂಪು ಮುಳ್ಳನ್ನು ತನ್ನ ಮುಂದೆ ತಳ್ಳಿಕೊಂಡು ಹೋಗುತ್ತದೆ. ಬಿಸಿ ಇಳಿದರೆ ಕರಿಯದು ಹಿಂದೆ ಬರುತ್ತದೆ, ಕೆಂಪು ಮಾತ್ರ ಹೋದಲ್ಲಿಯೇ ನಿಲ್ಲುತ್ತದೆ. ಅದನ್ನು ಇಳಿಸಬೇಕೆಂದರೆ ಗಾಜಿನ ನಡುವಿನ ಗುಂಡಿಯನ್ನು ಕೈಯಿಂದ ತಿರುಗಿಸಬೇಕು. ತೊಂಬತ್ತು ಡಿಗ್ರಿಗೆ ಗಂಟೆ ಹೊಡೆಯಬೇಕು, ನೂರಕ್ಕೆ ಬ್ರೇಕರ್ ತಾನಾಗಿಯೇ ಬಿದ್ದು ಭಾರ ಕಳಚಬೇಕು. ಇಷ್ಟೇ ಲೆಕ್ಕ.

ಇದನ್ನೆಲ್ಲ ನನಗೆ ಕಲಿಸಿದವರು ಬಸವಂತರಾಯ ಕಾಕಾ. ಮೂವತ್ತೊಂದು ವರ್ಷದ ಸರ್ವಿಸು, ಸ್ಟೇಷನ್ನಿನ ಹಿಂದಿನ ಕ್ವಾರ್ಟರ್ಸಿನಲ್ಲೇ ಸಂಸಾರ. ನಾನು ಸೇರಿದ ಮೊದಲ ವಾರ ತಂಗಿಯ ಮುಂದೆ ನಿಲ್ಲಿಸಿ ಹೇಳಿದ್ದರು, "ಒಳಗ ತಾಮ್ರ ಅದ ಜಯಾ. ಅದಕ್ಕ ಏನೂ ಆಗೂದಿಲ್ಲ. ಆ ತಾಮ್ರಕ್ಕ ಕಾಗದ ಸುತ್ಯಾರ ನೋಡು, ಸಾಯೂದು ಅದು. ತೊಂಬತ್ತೆಂಟ ದಾಟಿದ ಮ್ಯಾಲ ಆರ್ ಆರ್ ಡಿಗ್ರಿಗೆ ಅದರ ಆಯುಷ್ಯ ಅರ್ಧಾ ಆಗಕೋತ ಹೋಗ್ತದ. ಎಣ್ಣಿ ಬದಲಿ ಮಾಡಬಹುದು. ಕಾಗದ ಒಮ್ಮಿ ಹುರದ್ರ ಹುರದಂಗ."

ಅವರೇ ಕಲಿಸಿದ್ದು ಇನ್ನೊಂದಿದೆ. ಪಾಳಿ ಮುಗಿಸಿ ಹೋಗುವವರು ಕೆಂಪು ಮುಳ್ಳನ್ನು ಇಳಿಸಿ, ಕರಿಯದಕ್ಕೆ ಕೂಡಿಸಿ, ಆಮೇಲೆ ಮುಂದಿನವರ ಕೈಗೆ ಸ್ಟೇಷನ್ ಕೊಡಬೇಕು. "ಎಂಜಲ ತಾಟ ಯಾರಾದ್ರೂ ಇನ್ನೊಬ್ಬರ ಕೈಯಾಗ ಕೊಡ್ತಾರೇನು?" ಅನ್ನುತ್ತಿದ್ದರು. ಮುಳ್ಳು ಮೇಲೆ ನಿಂತಿದ್ದರೆ ಸಾಹೇಬರು ಬಂದಾಗ ಮೆಮೋ ಕೊಡುತ್ತಾರೆ, ಪಾಪ ಬಂದವರಿಗೆ ಯಾಕೆ ತ್ರಾಸು ಎಂಬ ಮರ್ಯಾದೆ. ಪುಸ್ತಕದಲ್ಲಿ ಕೆಂಪು ಮುಳ್ಳಿಗೆಂದೇ ಒಂದು ಮನೆ ಇದೆ. ಮೊದಲು ಅದರಲ್ಲಿ ಬರೆದು ಆಮೇಲೆ ಇಳಿಸಬೇಕು. ನಾವು ಮೊದಲು ಇಳಿಸಿ ಆಮೇಲೆ ಬರೆಯುತ್ತಿದ್ದೆವು. ನಾನೂ ಆರು ವರ್ಷ ಹಾಗೇ ಮಾಡಿದೆ. ಷರಾ ಬರೆಯುವ ಜಾಗದಲ್ಲಿ ಕಾಕಾ "ಮಾಮೂಲ" ಅಂತ ಒಂದೇ ಶಬ್ದ ಬರೆಯುತ್ತಿದ್ದರು. ನಾವು ಅದನ್ನೂ ಕಲಿತೆವು.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ, ಒಂದೂವರೆಯ ಸುಮಾರಿಗೆ, ಅಕ್ಕ ದೊಡ್ಡ ಸಪ್ಪಳ ಮಾಡಿ, ಎಣ್ಣೆ ಕಾರಿಕೊಂಡು ಸತ್ತುಹೋದಳು. ಪಾಳಿ ಶಹಬಾಜನದು. ಎರಡಕ್ಕೆ ನನ್ನ ಪಾಳಿ ಇತ್ತು. ನಾನು ಬರುವಷ್ಟರಲ್ಲಿ ಕಾಕಾ ಕ್ವಾರ್ಟರ್ಸಿನಿಂದ ಓಡಿ ಬಂದು ಅಂಗಳದಲ್ಲಿ ನಿಂತಿದ್ದರು. ನಾನು ಮೀಟರ್ ನೋಡಿದೆ. ಎರಡೂ ಮುಳ್ಳು ಎಂಬತ್ತಕ್ಕೆ ನಿಂತಿದ್ದವು. ಶಹಬಾಜ ಮಾತ್ರ ವಿಚಾರಣೆಯಲ್ಲಿ ಒಂದೇ ಮಾತು ಹಿಡಿದ. "ನೂರಾ ಆರಕ್ಕ ಹೋಗಿದ್ದು ನಾ ಕಣ್ಣಾರೆ ನೋಡೇನಿ. ಗಂಟಿ ಹೊಡೀಲಿಲ್ಲ, ಬ್ರೇಕರ್ ಬೀಳಲಿಲ್ಲ. ನಾನ ಬಂದ್ ಮಾಡಬೇಕಂತ ಓಡೂದ್ರಾಗ ಢಂ ಅಂತು." ಪುಸ್ತಕದಲ್ಲಿ ಅವನದೇ ಅಕ್ಷರದಲ್ಲಿ ಎಪ್ಪತ್ತೆಂಟು ಅಂತ ಇತ್ತು. ಊಟಕ್ಕೆ ಮುಂಚೆ ಎರಡು ತಾಸಿನದು ಒಟ್ಟಿಗೇ ಬರೆದಿಡುವ ಚಟ ನಮಗೆಲ್ಲರಿಗೂ ಇತ್ತು. ಪುಸ್ತಕ ಎಪ್ಪತ್ತೆಂಟು, ಮುಳ್ಳು ಎಂಬತ್ತು, ಇವನ ಬಾಯಲ್ಲಿ ನೂರಾ ಆರು. ಕೆಟ್ಟ ಲೈನಿಗೆ ಮೇಲಿಂದ ಮೇಲೆ ಕರೆಂಟು ಕೊಟ್ಟು ಟ್ರಾನ್ಸ್‌ಫಾರ್ಮರ್ ಸುಟ್ಟು ಈಗ ಕಥೆ ಕಟ್ಟುತ್ತಿದ್ದಾನೆ ಅಂತ ಎಲ್ಲರೂ ತೀರ್ಮಾನಿಸಿದರು. ನಾನು ನನ್ನ ಆ ಚಂದದ ಮಾತು ಹೇಳಿದ್ದು ಆಗಲೇ.

ಏಪ್ರಿಲ್‌ನಲ್ಲಿ ಜೇವರ್ಗಿ ಬಸ್‌ಸ್ಟ್ಯಾಂಡಿನ ಹತ್ತಿರ ಅವನನ್ನು ನೋಡಿದೆ. ಅಣ್ಣ ಚಾಂದಪಾಶಾನ ಪಂಕ್ಚರ್ ಅಂಗಡಿಯಲ್ಲಿ ಟ್ಯೂಬು ನೀರಿನಲ್ಲಿ ಮುಳುಗಿಸುತ್ತ ಕೂತಿದ್ದ. ಮೂಗಿನ ಮೇಲೆ ಹೊಸ ಕನ್ನಡಕ. ನನ್ನನ್ನು ನೋಡಿ ತಲೆ ತಗ್ಗಿಸಿದ. ಚಾಂದಪಾಶಾನೇ ಹೇಳಿದ, "ಕಲಬುರಗಿ ಡಾಕ್ಟರ್ ನಂಬರ್ ಏನಿಲ್ಲ ಅಂದ್ರು ಆಪಾ. ಇಂವ ಹಟಾ ಹಿಡದು ಹಾಕ್ಸ್ಯಾನ. ನನಗ ಅಂಕಿ ತಪ್ಪ ಕಾಣತಾವ ಅಂತಾನ." ನಾಟಕ ನೋಡು ಇವನದು, ಅಂದುಕೊಂಡು ಬಸ್ಸು ಹತ್ತಿದೆ.

ಮೇ ಇಪ್ಪತ್ಮೂರು. ಕಾಕಾನ ನಿವೃತ್ತಿಗೆ ಎಂಟು ದಿನ ಉಳಿದಿತ್ತು. ಎರಡಕ್ಕೆ ನಾನು ಬಂದಾಗ ಬಿಸಿಲು ನಲವತ್ನಾಲ್ಕು. ಅಕ್ಕ ನಿಂತಿದ್ದ ಕಟ್ಟೆ ಖಾಲಿ. ಎರಡು ತಿಂಗಳಿಂದ ತಂಗಿಯೊಬ್ಬಳೇ ಇಬ್ಬರ ಭಾರ ಹೊತ್ತಿದ್ದಳು. ಅವಳ ಮೈ ತಣಿಸುವ ಆರು ಫ್ಯಾನಿನಲ್ಲಿ ಎರಡು ತಿರುಗುತ್ತಿರಲಿಲ್ಲ.

"ಎಲ್ಲಾ ಮಾಮೂಲ ಅದ ಜಯಾ," ಅಂದರು ಕಾಕಾ, ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ. "ಎಂಬತ್ನಾಕ. ಇಂಥಾ ಬಿಸಲಾಗ ಅಂದ್ರ ತಂಗಿ ಗಟ್ಟಿಗಿತ್ತಿ."

ಕರಿಯದು, ಕೆಂಪು ಎರಡೂ ಎಂಬತ್ನಾಲ್ಕಕ್ಕೆ ಜೋಡಿಯಾಗಿ ನಿಂತಿದ್ದವು. ಒಂದು ಗಂಟೆಗೆ ಎಷ್ಟಿತ್ತು ಅಂತ ಕೇಳಬೇಕಿತ್ತು. ಕೇಳಲಿಲ್ಲ. ಕಾಕಾ ಉಣ್ಣಲು ಕ್ವಾರ್ಟರ್ಸಿಗೆ ಹೋದರು.

ಎರಡೂವರೆಗೆ ಎಂಬತ್ತೇಳು. ಒಳಗಿನ ಕೋಣೆಯಲ್ಲಿ ಅದೇ ಅಂಕಿ ತೋರಿಸುವ ಇನ್ನೊಂದು ಮೀಟರ್ ಇತ್ತು, ಅದು ಕೆಟ್ಟು ಎರಡು ವರ್ಷ ಆಗಿತ್ತು. ಹಾಗಾಗಿ ನೋಡಬೇಕೆಂದರೆ ಪ್ರತಿ ಸಲ ಜಲ್ಲಿಕಲ್ಲಿನ ಅಂಗಳದಲ್ಲಿ ಅರವತ್ತು ಹೆಜ್ಜೆ ನಡೆಯಬೇಕು. ಮೂರಕ್ಕೆ ಹತ್ತು ನಿಮಿಷ ಇರುವಾಗ ತೊಂಬತ್ತು ದಾಟಿತು. ನಾನು ಅಲ್ಲಿಯೇ ನಿಂತು ಕಿವಿಗೊಟ್ಟೆ. ಗಂಟೆ ಹೊಡೆಯಲಿಲ್ಲ.

ಗಂಟೆ ಕೆಟ್ಟಿರಬೇಕು ಅಂದುಕೊಂಡೆ. ನಮ್ಮಲ್ಲಿ ಕೆಡದೆ ಉಳಿದಿದ್ದಾದರೂ ಏನು? ಒಳಗೆ ಬಂದು ಅರುಣಕುಮಾರ ಸಾಹೇಬರಿಗೆ ಫೋನು ಮಾಡಿದೆ. ಅವರು ನಮ್ಮ ಮೇಲಿನ ಎಂಜಿನಿಯರು, ಜೇವರ್ಗಿಯಲ್ಲಿ ಕೂರುತ್ತಾರೆ.

"ಸರ್, ತೊಂಬತ್ತೊಂದು ಆಗ್ಯಾದ್ರಿ. ಗಂಟಿ ಹೊಡೀಲಿಲ್ಲ. ಪಂಪ್‌ಸೆಟ್ಟಿಂದು ಒಂದ್ ಫೀಡರ್ ಲೈನ್ ಬಂದ್ ಮಾಡ್ಲೇನ್ರಿ?"

"ಬ್ಯಾಡ್ರಿ, ಬ್ಯಾಡ್ರಿ," ಅಂದರು. "ಹೋದ ವಾರ ರೈತ ಮಂದಿ ಬಂದು ಗೇಟಿಗೆ ಕೀಲಿ ಜಡದು ಹೋಗಿದ್ದು ಮರತೀರೇನು? ಅವರಿಗೆ ಐದ ಗಂಟಿ ತನಕಾ ಕರೆಂಟ ಕೊಡ್ತೇವಂತ ನಾ ಮಾತ ಕೊಟ್ಟೇನಿ. ನೂರಕ್ಕ ತಾನ ಟ್ರಿಪ್ ಆಗ್ತದ. ಆದ್ರ ಆಗ್ಲಿ, ಮಶೀನ್ ಬಿತ್ತಂತ ಹೇಳಿದ್ರಾತು. ನೀವಾಗಿ ಕೈ ಹಚ್ಚಬ್ಯಾಡ್ರಿ. ಹಚ್ಚಿದ್ರ ಜವಾಬ್ದಾರಿ ನಿಮ್ದ."

ಫೋನು ಇಟ್ಟು ಒಂದು ತಂಬಿಗೆ ನೀರು ಕುಡಿದೆ. ನೀರೂ ಬಿಸಿ. ಮೂರೂಕಾಲಿಗೆ ತೊಂಬತ್ತೈದು. ಮೂರೂವರೆಗೆ ತೊಂಬತ್ತೆಂಟು. ಇಲ್ಲಿಂದ ಮುಂದೆ ಕಾಗದ ಹುರಿಯುತ್ತದೆ. ತಂಗಿಯ ಮೈಯಿಂದ ಬರುವ ಝಳಕ್ಕೆ ಮುಖ ಚುರುಗುಟ್ಟುತ್ತಿತ್ತು. ಇವಳೂ ಹೋದರೆ ಬದಲಿ ಬರಲು ತಿಂಗಳುಗಟ್ಟಲೆ ಬೇಕು. ಜಾಕ್‌ವೆಲ್ ನಿಂತರೆ ಇಪ್ಪತ್ತೆರಡು ಹಳ್ಳಿಗೆ ಕುಡಿಯುವ ನೀರಿಲ್ಲ, ಅದೂ ಈ ಮೇ ತಿಂಗಳಲ್ಲಿ. ಆಮೇಲೆ ಶಹಬಾಜನ ಪಕ್ಕದಲ್ಲಿ ನಾನೂ ಟ್ಯೂಬು ಮುಳುಗಿಸುತ್ತ ಕೂರಬೇಕು.  ಸುಳ್ಳು ಯಾಕೆ ಹೇಳಲಿ, ನನಗೆ ಹೆದರಿಕೆಯಾಯಿತು.

ಇರಲಿ, ನೂರಕ್ಕೆ ಬೀಳುತ್ತದಲ್ಲ ಅಂತ ಕಾದೆ. ಬ್ರೇಕರ್ ಬಿದ್ದರೆ ಧಡ್ ಅಂತ ಸಪ್ಪಳ ಬರುತ್ತದೆ, ಗೇಟಿನ ತನಕ ಕೇಳುತ್ತದೆ. ತೊಂಬತ್ತೊಂಬತ್ತು. ಕರೀ ಮುಳ್ಳು ಕೆಂಪನ್ನು ನೂಕಿಕೊಂಡು ನೂರರ ಗೆರೆಯ ಮೇಲೆ ಬಂತು.  ಗೆರೆ ದಾಟಿತು. ಸಪ್ಪಳವಿಲ್ಲ. ಒಂದು ನಿಮಿಷ, ಎರಡು ನಿಮಿಷ. ತಂಗಿ ಗುಂಯ್ ಅನ್ನುತ್ತಲೇ ಇದ್ದಳು. ನೂರಾ ಒಂದು.

ಗಂಟಿ ಹೊಡೀಲಿಲ್ಲ, ಬ್ರೇಕರ್ ಬೀಳಲಿಲ್ಲ.

ಈ ಮಾತು ನನ್ನದಲ್ಲ. ಶಹಬಾಜನದು. ಅದೇ ಮಾತು, ಅಕ್ಷರವೂ ಆಚೀಚೆ ಇಲ್ಲದೆ, ನನ್ನ ತಲೆಯೊಳಗೆ ಬಂದು ನಿಂತಿತು. ಅವನು ಸುಳ್ಳು ಹೇಳಿರಲಿಲ್ಲ.

ಆಮೇಲೆ ಯೋಚನೆ ಮಾಡಲಿಲ್ಲ. ಓಡಿದೆ. ಒಂದು ಚಪ್ಪಲಿ ಜಲ್ಲಿಯಲ್ಲೇ ಉಳಿಯಿತು. ಕಂಟ್ರೋಲ್ ಕೋಣೆಗೆ ನುಗ್ಗಿ ಪಂಪ್‌ಸೆಟ್ಟಿನ ಮೂರೂ ಫೀಡರಿನ ಹಿಡಿಕೆ ಒಂದಾದ ಮೇಲೊಂದು ತಿರುವಿದೆ. ಧಡ್, ಧಡ್, ಧಡ್. ನೀರಿನ ಜಾಕ್‌ವೆಲ್ಲು, ಊರಿನ ದೀಪ ಬಿಟ್ಟು ಉಳಿದದ್ದೆಲ್ಲ ಹೋಯಿತು. ಹೊರಗೆ ತಂಗಿಯ ಗುಂಯ್ ಸದ್ದು ತಗ್ಗಿತು. ಮತ್ತೆ ಬರಿಗಾಲಲ್ಲೇ ಹೋಗಿ ನೋಡಿದೆ. ಕರೀ ಮುಳ್ಳು ನಿಧಾನಕ್ಕೆ ಹಿಂದೆ ಸರಿಯುತ್ತಿತ್ತು. ಕೆಂಪು ನೂರಾ ಮೂರಕ್ಕೆ ನಿಂತಿತ್ತು.

ಒಳಗೆ ಫೋನು ಬಡಿದುಕೊಳ್ಳತೊಡಗಿತ್ತು. ಎತ್ತಿದರೆ ಸಾಹೇಬರು. "ಯಾರನ್ನ ಕೇಳಿ ಬಂದ್ ಮಾಡಿದ್ರಿ? ನಿಮ್ಮ ಪುಸ್ತಕದಾಗ ಎಂದರ ಎಂಬತ್ತೈದು ದಾಟ್ಯಾದೇನು? ಬರಾಕತ್ತೇನಿ, ಇಪ್ಪತ್ತ ಮಿಂಟನಾಗ ಬರ್ತೇನಿ. ಆ ಮುಳ್ಳ ನಾನ ನೋಡ್ತೇನಿ."

ನೋಡಲಿ, ಅಂದುಕೊಂಡೆ. ನನ್ನ ಹತ್ತಿರ ಇದ್ದ ಸಾಕ್ಷಿ ಅದೊಂದೇ. ಅಂಗಳದೊಳಗೆ ಮೊಬೈಲು ಒಯ್ಯುವ ಹಾಗಿಲ್ಲ, ಫೋಟೋ ಹೊಡೆದಿರಲಿಲ್ಲ. ಗೇಟಿನ ಹೊರಗೆ ರೈತರ ನಾಲ್ಕಾರು ಬೈಕು ಬಂದು ನಿಂತವು. ನಾನು ಸರಪಳಿ ಹಾಕಿ ಕೀಲಿ ಜಡಿದು ಹಿಂದೆ ತಿರುಗಿದೆ.

ಹಿಂಬದಿಯ ಸಣ್ಣ ಬಾಗಿಲಿನಿಂದ ಬಸವಂತರಾಯ ಕಾಕಾ ಬಂದುಬಿಟ್ಟಿದ್ದರು. ಬನಿಯನ್ನಿನ ಮೇಲೆ ಟವೆಲ್ಲು, ಬಾಯಲ್ಲಿ ಇನ್ನೂ ಎಲೆ ಅಡಿಕೆ. ನನ್ನನ್ನು ಕೇಳದೆ, ಮಾತಾಡದೆ, ನೆಟ್ಟಗೆ ತಂಗಿಯ ಹತ್ತಿರ ಹೋದರು. ಮೀಟರ್ ನೋಡಿದರು. ಬಲಗೈ ಎತ್ತಿದರು. ಹೆಬ್ಬೆರಳು, ತೋರುಬೆರಳು ಗುಂಡಿಯ ಮೇಲೆ ಕೂತವು.

"ಕಾಕಾ! ಕೈ ತಗೀರಿ!"

ಹಾಗೆ ನಾನು ಅವರ ಮೇಲೆ ಯಾವತ್ತೂ ಕೂಗಿರಲಿಲ್ಲ. ಗೇಟಿನ ಹೊರಗಿನವರೂ ಇತ್ತ ಇಣುಕಿದರು. ಕಾಕಾ ಕೈ ತೆಗೆಯಲಿಲ್ಲ, ತಿರುಗಿಸಲೂ ಇಲ್ಲ.

"ಹುಚ್ಚಿ ಅದೀಯೇನ ಬೇ," ಅಂದರು ಮೆಲ್ಲಗೆ. "ಸಾಹೇಬ ಬರಾಕತ್ಯಾನ, ನನಗೂ ಫೋನ್ ಮಾಡಿದ್ದ. ನೂರಾ ಮೂರ ನೋಡಿದ್ರ ನಿನ್ನ ಬಿಡ್ತಾನೇನು? ಇಷ್ಟ ಯಾಕ ಏರಲಿಕ್ಕ ಬಿಟ್ಟಿ ಅಂತ ಹಿಡೀತಾನ. ಇಳಸ್ತೇನಿ, ಬಾಜೂಕ ಸರಿ."

"ಇಳಸಿದ್ರ ನಾ ಸುಳ್ಳಿ ಆಗ್ತೇನಿ ಕಾಕಾ. ನೂರಾ ಮೂರ ಆಗಿತ್ತು, ಬ್ರೇಕರ್ ಬೀಳಲಿಲ್ಲ ಅಂತ ನಾ ಹ್ಯಾಂಗ ತೋರಸ್ಲಿ? ಶಹಬಾಜನ ಗತಿ ಏನಾತು?"

ಅವನ ಹೆಸರು ಹೇಳಿದ ಮೇಲೆ ಕಾಕಾನ ಕೈ ಗುಂಡಿಯಿಂದ ಜಾರಿತು.  ನಾನು ಆ ಕೈಯನ್ನು ನೋಡಿದೆ, ಖಾಲಿ ಕಟ್ಟೆಯನ್ನು ನೋಡಿದೆ. ಮಾರ್ಚಿನ ಆ ಮಧ್ಯಾಹ್ನ ನನಗಿಂತ ಮೊದಲು ಅಂಗಳದಲ್ಲಿ ನಿಂತಿದ್ದವರು ಯಾರು? ಆರು ವರ್ಷ ದಿನಾ ನನ್ನ ಕೈಯಿಂದಲೇ ಆ ಮುಳ್ಳು ಇಳಿಸಿದವಳು ನಾನು. ಅದು ಸುಳ್ಳು ಹೇಳುವುದಿಲ್ಲ ಅಂತ ಸಾಕ್ಷಿ ಹೇಳುವಾಗ ನನಗೆ ಹೊಳೆಯಲೇ ಇಲ್ಲ.

"ಅವತ್ತ ಅಕ್ಕಂದು ಎಷ್ಟಕ್ಕ ನಿಂತಿತ್ರಿ?" ಅಂದೆ.

ಕಾಕಾ ಬಾಯಲ್ಲಿದ್ದುದನ್ನು ಉಗುಳಿ ಬಂದರು. ಬನಿಯನ್ನಿನೊಳಗಿನ ಲಿಂಗದ ಕರಡಿಗೆಯನ್ನು ಮುಟ್ಟಿಕೊಂಡರು. "ನೂರಾ ಒಂಬತ್ತು," ಅಂದರು.

"ನೀವ ಇಳಸಿದ್ರಿ."

"ನಾನ. ಎಣ್ಣಿ ಸೋರಾಕತ್ತಿತ್ತು. ಶಹಬಾಜ ಒಳಗ ಫೋನ್ ಮಾಡಾಕತ್ತಿದ್ದ. ಇಷ್ಟ ಏರಲಿಕ್ಕ ಬಿಟ್ಟಾನಂತ ಹುಡುಗನ ನೌಕರಿ ಹೋಗ್ತದ, ಎರಡ ಮಕ್ಕಳ ತಂದಿ ಅಂತ ಇಳಸಿನಿ ಜಯಾ. ಅವ್ನ ಉಳಸಾಕ ಇಳಸಿನಿ. ಅಂವ ವಿಚಾರಣಿಯೊಳಗ ಖರೇನ ಹೇಳ್ತಾನಂತ ನನಗೇನ ಗೊತ್ತು? ಮುಳ್ಳ ಎಷ್ಟಕ್ಕಿತ್ತಂತ ನನ್ನ ಕೇಳಿದ್ರು. ಎಂಬತ್ತು ಅಂದೆ. ಒಮ್ಮಿ ಎಂಬತ್ತು ಅಂದ ಬಾಯಿ, ಮತ್ತ ಹ್ಯಾಂಗ ತಿರಗಸ್ಲಿ? ಬಿಡ್ತಾರ, ತಿಂಗಳೊಪ್ಪತ್ತಿನಾಗ ಮತ್ತ ತಗೋತಾರ ಅಂತ ಸುಮ್ಮಾಗಿನಿ."

ನನಗೆ ಎಂಥ ಸಿಟ್ಟು ಬಂತೆಂದರೆ, ಅವರ ವಯಸ್ಸು ನೋಡದೆ ಏನಾದರೂ ಅಂದುಬಿಡುತ್ತಿದ್ದೆ. ಆದರೆ ಯಾವ ಬಾಯಿಯಿಂದ ಅನ್ನಲಿ? ಅವರು ಕೇಳಿದ್ದಕ್ಕಷ್ಟೇ ಸುಳ್ಳು ಹೇಳಿದ್ದರು, ನಾನು ಯಾರೂ ಕೇಳದೆಯೇ ಎದ್ದು ನಿಂತು ಮಾತಾಡಿದ್ದೆ. ಅಷ್ಟರಲ್ಲಿ ಜೀಪಿನ ಹಾರ್ನು ಕೇಳಿಸಿತು.

ಅರುಣಕುಮಾರ ಸಾಹೇಬರು ಗೇಟಿನ ಹೊರಗಿನವರಿಗೆ ಏನೋ ಸಮಾಧಾನ ಹೇಳಿ, ಹಣೆ ಒರೆಸಿಕೊಳ್ಳುತ್ತ ಬಂದರು. ಮೀಟರಿನ ಮುಂದೆ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಮೀಟರಿನ ಕೆಳಗಿನ ಪೆಟ್ಟಿಗೆ ಬಿಚ್ಚಿಸಿದರು. ಅಕ್ಕ, ತಂಗಿ ಇಬ್ಬರ ಗಂಟೆಯ ವೈರು, ಟ್ರಿಪ್ಪಿನ ವೈರು ಎಲ್ಲ ಒಂದೇ ಕೇಬಲಿನಲ್ಲಿ ಒಳಗೆ ಹೋಗುತ್ತಿದ್ದವು. ಅದರ ತುದಿ ಹಸಿರು ಕಿಲುಬು ಹಿಡಿದು ಕಳಚಿ ಬಿದ್ದಿತ್ತು. ಮೇಲೆ ಧೂಳು, ಜೇಡದ ಬಲೆ. ಎಷ್ಟು ವರ್ಷದಿಂದ ಹಾಗಿತ್ತೋ ಯಾರಿಗೂ ಗೊತ್ತಿಲ್ಲ. ಒಂದು ದಿನವಾದರೂ ಕೆಂಪು ಮುಳ್ಳನ್ನು ತೊಂಬತ್ತರ ಮೇಲೆ ಬಿಟ್ಟು ಹೋಗಿದ್ದರೆ, ಗಂಟೆ ಯಾಕೆ ಹೊಡೆಯಲಿಲ್ಲ ಅಂತ ಮುಂದಿನವರು ಕೇಳುತ್ತಿದ್ದರು. ನಮ್ಮ ಮರ್ಯಾದೆ ಅದಕ್ಕೆ ಆಸ್ಪದ ಕೊಟ್ಟಿರಲಿಲ್ಲ.

"ಛಲೋ ಮಾಡಿದ್ರಿ ಬಂದ್ ಮಾಡಿದ್ದು," ಅಂದರು ಸಾಹೇಬರು, ಕಷ್ಟಪಟ್ಟು. "ನಿಮ್ಮ ಮ್ಯಾಲ ಏನೂ ಬರೂದಿಲ್ಲ. ಮುಳ್ಳ ಅದಲ್ಲ, ಸಾಕ್ಷಿ."

"ಶಹಬಾಜಂದು?" ಅಂದೆ.

"ಅವಂದ ಬ್ಯಾರೆ ಮಾತ್ರಿ. ವೈರ್ ಕಳಚಿರಬಹುದು. ಆದ್ರ ಅವನ ಮುಳ್ಳ ಎಂಬತ್ತಕ್ಕ ಇತ್ತು. ಎಂಬತ್ತಕ್ಕ ಗಂಟಿ ಹೊಡಿಯೂದ ಇಲ್ಲ. ಬರದಿಟ್ಟಾರ, ನೀವ ಹೇಳೀರಿ."

ನಾನು ಕಾಕಾನ ಕಡೆ ನೋಡಲಿಲ್ಲ. ಎಂಟು ದಿನ ಉಳಿದ ಮನುಷ್ಯ. ಮೂವತ್ತೊಂದು ವರ್ಷ ಒಂದು ಮೆಮೋ ಇಲ್ಲ. ಅವರು ಸುಮ್ಮನಿದ್ದರೆ ನಾನೇ ಹೇಳಬೇಕಾಗುತ್ತದೆ, ಹೇಳಿದರೆ ನಂಬುವವರಿಲ್ಲ. ಜಲ್ಲಿಯ ಮೇಲೆ ಬರಿಗಾಲು ಸುಡುತ್ತಿತ್ತು. ಅಲ್ಲಿಯೇ ನಿಂತಿದ್ದೆ.

"ಪುಸ್ತಕ ತಾ ಜಯಾ," ಅಂದರು ಕಾಕಾ.

ತಂದುಕೊಟ್ಟೆ. ಖಾಲಿ ಕಟ್ಟೆಯ ಮೇಲೆ ಕೂತು, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಬರೆಯತೊಡಗಿದರು. ಸಾಹೇಬರು ಬಗ್ಗಿ ಓದಿ ಗಾಬರಿಯಾದರು. "ಎಂಟ ದಿನಕ್ಕ ಯಾಕ್ ಬೇಕ್ರಿ ಇದು, ಬಸವಂತರಾಯ? ಪೆನ್ಶನ್ ತಡೀತಾರ. ಹರದ ಒಗೀರಿ ಆ ಹಾಳಿ, ನಾ ನೋಡಿಲ್ಲ."

"ನೀವ ನೋಡೀರಿ ಸಾಹೇಬ್ರ," ಅಂದರು ಕಾಕಾ, ಬರೆಯುವುದನ್ನು ನಿಲ್ಲಿಸದೆ.

ಷರಾ ಬರೆಯುವ ಜಾಗ ಒಂದು ಶಬ್ದಕ್ಕಷ್ಟೇ ಸಾಲುತ್ತದೆ. ಕಾಕಾನ ಅಕ್ಷರ ಅದನ್ನು ದಾಟಿ, ಅಂಚು ದಾಟಿ, ಮುಂದಿನ ಹಾಳೆಗೆ ಹೋಯಿತು. ಮಾರ್ಚಿನಲ್ಲಿ ಒಂದನೇ ಟ್ರಾನ್ಸ್‌ಫಾರ್ಮರಿನ ಕೆಂಪು ಮುಳ್ಳು ನೂರಾ ಒಂಬತ್ತಕ್ಕೆ ಇತ್ತು, ನಾನು ಕೈಯಾರೆ ಇಳಿಸಿದೆ, ಶಹಬಾಜ ಹೇಳಿದ್ದು ನಿಜ. ಕೆಳಗೆ ಸಹಿ. ನಾನು ಪೆನ್ನು ಕಸಿದುಕೊಂಡು ಅದರ ಕೆಳಗೆ, ಆರು ವರ್ಷದಿಂದ ನಾನೂ ಬರೆಯುವ ಮೊದಲು ಇಳಿಸುತ್ತಿದ್ದೆ, ವಿಚಾರಣೆಯಲ್ಲಿ ನಾನಾಡಿದ ಮಾತು ತಪ್ಪು ಅಂತ ಬರೆದು ಸಹಿ ಹಾಕಿದೆ. ಸಾಹೇಬರು ಇಬ್ಬರನ್ನೂ ನೋಡಿ, ಪುಸ್ತಕ ಬಗಲಲ್ಲಿ ಇಟ್ಟುಕೊಂಡು ಜೀಪಿನ ಕಡೆ ನಡೆದರು.

ಕೋಣೆಯೊಳಗೆ ಬಂದ ಮೇಲೆ ಕಾಕಾ ನನ್ನ ಮೊಬೈಲು ಕೇಳಿದರು. ತಮ್ಮದರಿಂದ ಮಾಡಿದರೆ ಅವನು ಎತ್ತುವುದಿಲ್ಲ ಅಂದರು. ನಂಬರು ಒತ್ತಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೆ. ಆ ಕಡೆ ಪಂಕ್ಚರ್ ಅಂಗಡಿಯ ಗಾಳಿ ಮಶೀನಿನ ಸದ್ದು. "ಹೇಳ್ರಿ ಅಕ್ಕಾ," ಅಂದ ಶಹಬಾಜ, ಬೇಸರದಿಂದ.

"ಜಯಾ ಅಲ್ಲೋ. ನಾ ಬಸವಂತರಾಯ." ಕಾಕಾ ಎರಡೂ ಕೈ ಮೇಜಿಗೆ ಊರಿಕೊಂಡಿದ್ದರು. ಒಂದೇ ಉಸಿರಿನಲ್ಲಿ ಎಲ್ಲ ಹೇಳಿದರು. ಇಳಿಸಿದ್ದು, ಮುಚ್ಚಿಟ್ಟಿದ್ದು, ಇವತ್ತು ಬರೆದದ್ದು. ಕಡೆಗೆ "ನನ್ನ ಚಪ್ಪಲಿಲೆ ಹೊಡಿ ಶಹಬಾಜ," ಅಂದು ನಿಲ್ಲಿಸಿದರು.

ಆ ಕಡೆ ಗಾಳಿ ಮಶೀನು ಬಂದಾಯಿತು. ಬೈಯುತ್ತಾನೆ ಅಂತ ಕಾದೆ. ಬೈಯಲಿ ಅಂತಲೇ ಕಾದೆ.

"ಎಷ್ಟಕ್ಕಿತ್ರಿ ಕಾಕಾ?" ಅಂದ.

"ನೂರಾ ಒಂಬತ್ತು."

"ನಾ ಓಡೂಕಿಂತ ಮೊದಲ ನೂರಾ ಆರ ನೋಡಿದ್ದೆ," ಅಂದ.  ಕಾಕಾ ಮೇಜು ಬಿಟ್ಟು ಕುರ್ಚಿಯ ಮೇಲೆ ಕುಸಿದರು. ಆಮೇಲೆ ಶಹಬಾಜನ ದನಿ ಬಂತು, ಎಷ್ಟು ಸಣ್ಣಗೆಂದರೆ ನಾನು ಫೋನಿನ ಹತ್ತಿರ ಬಾಗಬೇಕಾಯಿತು.

"ಹಂಗಾದ್ರ ನನ್ನ ಕಣ್ಣ ಛಲೋ ಅವ ಏನ್ರಿ, ಕಾಕಾ?"